ನ್ಯೂ ಆರ್ಲಿಯನ್ಸ್‌ನಲ್ಲಿ ಪೀಟರ್ ಡೇವಿಸ್ ಮೇಷ್ಟ್ರನ್ನ ಹುಡುಕ್ಕೊಂಡು

ಗುರುವಾರ

ಆಗಸ್ಟ್‌ನಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗ್ತೀವಿ ಅಂದಿದ್ದಕ್ಕೆ ಹ್ಯೂಸ್ಟನ್‌ನಲ್ಲಿ ಗೊತ್ತಿರೋರೆಲ್ಲ ನಕ್ರು, ಇಲ್ಲಿನ ಬಿಸಿಲು ಸಾಲ್ದು ಅಂತ ಅಲ್ಲಿನ ಬಿಸಿಲು ತಿನ್ನೋಕೆ ಹೋಗ್ತಿದೀರಾ ಅಂತ. ಆದ್ರೆ ಜಾಝ್ ಸಂಗೀತದ ದೊಡ್ಡ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅಲ್ಲಿ ಹುಟ್ಟಿದ್ದು 1901ರ ಆಗಸ್ಟ್ 4, ಆ ವಾರದಲ್ಲೇ ಅಲ್ಲಿ ಅವನ ಹೆಸರಲ್ಲಿ ಹಬ್ಬ ಮಾಡೋದು, ಮಗಳಿಗೆ ಸ್ಕೂಲ್ ಶುರುವಾಗೋಕೆ ಮುಂಚೆ ಸಿಗೋ ರಜೆನೂ ಅದೊಂದೇ, ಅಪ್ಪ ಬೇರೆ ಅರಸೀಕೆರೆಯಿಂದ ಬಂದು ಮನೇಲಿ ಕೂತು ಕೂತು ಬೇಜಾರಾಗಿದ್ರು. ಹೊರಟ್ವಿ.

ಅಪ್ಪನ ಬಗ್ಗೆ ಹೇಳ್ಬೇಕು, ಯಾಕಂದ್ರೆ ಈ ಟ್ರಿಪ್ಪಿನ ಅರ್ಧ ಮಾತು ಅವರದ್ದೇ. ಮೂವತ್ತು ವರ್ಷಕ್ಕಿಂತ ಜಾಸ್ತಿ ಪಿ.ಟಿ. ಮೇಷ್ಟ್ರು. ಕಬಡ್ಡಿ, ಖೋಖೋ ಎಲ್ಲಾ ಕಲಿಸಿದ್ರೂ ಊರಲ್ಲಿ ಜನ ನೆನಪಿಟ್ಕೊಂಡಿರೋದು ಸ್ಕೂಲ್ ಬ್ಯಾಂಡ್‌ಸೆಟ್ ಮೇಷ್ಟ್ರು ಅಂತ. ಆಗಸ್ಟ್ 15, ಜನವರಿ 26 ಬಂದ್ರೆ ತಾಲ್ಲೂಕು ಮೈದಾನದಲ್ಲಿ ಸೈಡ್ ಡ್ರಮ್ಮು, ದೊಡ್ಡ ಡ್ರಮ್ಮು, ಎರಡು ಬ್ಯೂಗಲ್ಲು, ಒಂದು ಜೊತೆ ತಾಳ, ಇಷ್ಟೇ ಇಟ್ಕೊಂಡು ಹೈಸ್ಕೂಲ್ ಹುಡುಗ್ರನ್ನ ತಹಶೀಲ್ದಾರ್ ಮುಂದೆ ನಡೆಸ್ಕೊಂಡು ಹೋಗೋರು. ನಮ್ಮ ಮಗಳು ಇಲ್ಲಿ ಮಿಡಲ್ ಸ್ಕೂಲ್ ಬ್ಯಾಂಡಲ್ಲಿ ಟ್ರಂಪೆಟ್ ಊದ್ತಾಳೆ, ಟೆಕ್ಸಸ್‌ನಲ್ಲಿ ಸ್ಕೂಲ್ ಬ್ಯಾಂಡ್ ಅಂದ್ರೆ ಫುಟ್ಬಾಲ್ ನಂತರ ಅದೇ ದೊಡ್ಡ ಧರ್ಮ, ಹಾಗಾಗಿ ತಾತ ಮೊಮ್ಮಗಳಿಗೆ ಈ ವಿಷಯದಲ್ಲಿ ಮಾತು ಮುಗಿಯೋದೇ ಇಲ್ಲ.

ಐ-10 ಹೈವೇ ಹಿಡಿದ್ರೆ ಸುಮಾರು 350 ಮೈಲಿ. ಲೇಕ್ ಚಾರ್ಲ್ಸ್ ದಾಟಿ, ಲಾಫಯೆಟ್ ದಾಟಿದ ಮೇಲೆ ಅಚಾಫಲಾಯ ಜೌಗಿನ ಮೇಲೆ 18 ಮೈಲಿ ಉದ್ದದ ಸೇತುವೆ ಬರುತ್ತೆ, ಎರಡೂ ಕಡೆ ನೀರಲ್ಲಿ ನಿಂತಿರೋ ಮರ. ಅಲ್ಲೇ ಅಪ್ಪ ಚಿತ್ರಾನ್ನದ ಡಬ್ಬಿ ಮುಚ್ತಾ ಕೇಳಿದ್ರು.

"ಅಲ್ಲಮ್ಮ, ಈ ಆರ್ಮ್‌ಸ್ಟ್ರಾಂಗ್‌ಗೆ ಊದೋದು ಕಲಿಸಿದ್ದು ಯಾರು?"

"ಪೀಟರ್ ಡೇವಿಸ್ ಅಂತ ಒಬ್ರು ಬ್ಯಾಂಡ್ ಮಾಸ್ಟರ್ ಅಪ್ಪ. ಹುಡುಗ್ರ ಜೈಲಲ್ಲಿ."

"ಜೈಲಲ್ಲಾ?" ಅಂತ ಮುಂದಕ್ಕೆ ಬಗ್ಗಿದ್ರು. "ಹಂಗಾದ್ರೆ ಮೊದ್ಲು ಅವರನ್ನ ನೋಡ್ಬೇಕು."

ಅವರನ್ನ ನೋಡೋಕೆ ಏನೂ ಉಳಿದಿಲ್ಲ, ದೊಡ್ಡ ಪ್ರತಿಮೆ ಗಿತಿಮೆ ಕಾಣಲ್ಲ ಅಂದೆ. ಅಪ್ಪ ಕೇಳ್ಲಿಲ್ಲ. ಬ್ಯಾಟನ್ ರೂಜ್ ಸೇತುವೆ ಮೇಲೆ ಟ್ರಾಫಿಕ್ಕಲ್ಲಿ ಒಂದು ಗಂಟೆ ನಿಂತಿದ್ದಾಗ್ಲೂ ಅದೇ ಮಾತು, ಅಲ್ಲಿಗೆ ನಮ್ಮ ಪ್ಲಾನ್ ಬದಲಾಯ್ತು.

ಶುಕ್ರವಾರ

ಹೋಟೆಲಲ್ಲಿ ಒಂದು ರಾತ್ರಿ ಕಾರ್ ನಿಲ್ಸೋಕೆ ಕೇಳಿದ ದುಡ್ಡಲ್ಲಿ ಅರಸೀಕೆರೆಯಲ್ಲಿ ಒಂದು ತಿಂಗಳು ರೂಮ್ ಬಾಡಿಗೆಗೆ ಸಿಗುತ್ತೆ ಅಂತ ಅಪ್ಪ ಲೆಕ್ಕ ಹಾಕಿ ಹೇಳಿದ್ರು, ನಮ್ಮನೆಯವರು ಮಾತಾಡ್ಲಿಲ್ಲ. ಬೆಳಗ್ಗೆ ಎಂಟಕ್ಕೇ ಬೆವರು. ನಡ್ಕೊಂಡೇ ಸೌತ್ ರ್‍ಯಾಂಪಾರ್ಟ್ ರೋಡಿಗೆ ಹೋದ್ವಿ.

ರ್‍ಯಾಂಪಾರ್ಟ್ ಮತ್ತೆ ಪರ್ಡೀಡೊ ರಸ್ತೆ ಸೇರೋ ಜಾಗ. ಈಗ ನೋಡಿದ್ರೆ ಆಫೀಸ್ ಕಟ್ಟಡ, ಪಾರ್ಕಿಂಗು, ಮಧ್ಯೆ ಮಧ್ಯೆ ಒಂಟಿಯಾಗಿ ನಿಂತಿರೋ ಹಳೇ ಇಟ್ಟಿಗೆ ಮನೆಗಳು. ಇಲ್ಲೇ 1912ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಗಲಾಟೆಯಲ್ಲಿ ಹನ್ನೊಂದು ವರ್ಷದ ಲೂಯಿ, ಮನೇಲಿದ್ದ ಮಲತಂದೆಯ ಪಿಸ್ತೂಲ್ ಎತ್ಕೊಂಡು ಬಂದು ಗಾಳೀಲಿ ಗುಂಡು ಹಾರಿಸಿದ್ದು. ಪೊಲೀಸ್ ಹಿಡಿದ, ಮಾರನೇ ದಿನ ಜುವೆನೈಲ್ ಕೋರ್ಟು, ಅಲ್ಲಿಂದ ನೇರ ಕಲರ್ಡ್ ವೇಫ್ಸ್ ಹೋಮ್. ಕರಿಯರ ಅನಾಥ, ಪುಂಡ ಹುಡುಗ್ರನ್ನ ಹಾಕೋಕೆ ಬೇರೇನೇ ಇದ್ದ ಜಾಗ, ಬಿಳಿಯರ ಮಕ್ಕಳಿಗೆ ಬೇರೆ. ಪೇಪರ್‌ನಲ್ಲಿ ಅವನ ಹೆಸರು ಬಂದಿದ್ದು ಆ ಗುಂಡಿನ ಕೇಸಿಗೆ, ವಯಸ್ಸು ಹನ್ನೆರಡು ಅಂತ ತಪ್ಪಾಗಿ ಹಾಕಿದ್ರು. ಇನ್ನೊಂದು ಸ್ವಾರಸ್ಯ ಏನಂದ್ರೆ ಇದು ಅವನಿಗೆ ಮೊದಲ್ನೇ ಸಲ ಅಲ್ಲ, 1910ರಲ್ಲೇ ಬೇರೆ ಹುಡುಗ್ರ ಜೊತೆ ಸಿಕ್ಕಿಬಿದ್ದು ಇದೇ ಹೋಮಿಗೆ ಹೋಗಿದ್ದ, ಆಗಿನ ಆರೋಪ ಹಿತ್ತಾಳೆ ಕದ್ದಿದ್ದು. ಮಗಳು ಇದನ್ನ ಕೇಳಿ ಜೋರಾಗಿ ನಕ್ಳು, ನನಗೆ ನಗು ಬರ್ಲಿಲ್ಲ, ಒಂಬತ್ತು ವರ್ಷದ ಮಗು ಅದು.

ಅದೇ ರೋಡಲ್ಲಿ ಕಾರ್ನಾಫ್ಸ್ಕಿ ಅನ್ನೋ ಯಹೂದಿ ಕುಟುಂಬದ ಅಂಗಡಿ ಇತ್ತು, ಲೂಯಿ ಅವರ ಗಾಡಿ ಮೇಲೆ ಚಿಂದಿ, ಬಾಟ್ಲಿ, ಕಲ್ಲಿದ್ದಲು ವ್ಯಾಪಾರಕ್ಕೆ ಹೋಗ್ತಿದ್ದ. ಆ ಕಟ್ಟಡ 2021ರ ಐಡಾ ಚಂಡಮಾರುತಕ್ಕೆ ಬಿದ್ದೋಯ್ತು. ಅವನು ಹುಟ್ಟಿದ ಜೇನ್ ಅಲಿ ಗಲ್ಲಿಯ ಮನೇನೂ ಇಲ್ಲ, ಅದನ್ನ 1964ರಲ್ಲಿ ಕೆಡವಿದ್ದು ಪೊಲೀಸ್ ಕಟ್ಟಡಕ್ಕೆ ಜಾಗ ಬೇಕು ಅಂತ. ಪರ್ಡೀಡೊ ಸುತ್ತಲಿನ ಕೇರಿಯನ್ನ ಸಿಟಿ ಹಾಲ್ ನುಂಗಿದೆ. ಏರ್‌ಪೋರ್ಟಿಗೆ ಅವನ ಹೆಸರಿಟ್ಟು ಮನೆ ಮಾತ್ರ ಒಡೆದು ಹಾಕಿದ ಊರು ಇದು. ಸಿಟ್ಟು ಬರುತ್ತೆ, ಆದ್ರೆ ನಮ್ಮೂರುಗಳಲ್ಲಿ ಎಷ್ಟು ಉಳಿಸಿಕೊಂಡಿದೀವಿ ಅಂತ ಕೇಳಿದ್ರೆ ಬಾಯಿ ಮುಚ್ಕೋಬೇಕಾಗುತ್ತೆ.

ಮಧ್ಯಾಹ್ನ ಕನಾಲ್ ಸ್ಟ್ರೀಟಿನ ಕೆಂಪು ಟ್ರಾಮ್ ಹತ್ತಿ ಸೆಮಿಟ್ರೀಸ್ ಅಂತ ಬೋರ್ಡ್ ಇರೋ ಕೊನೇ ಸ್ಟಾಪಿಗೆ ಹೋದ್ವಿ. ಇಳಿದ ಕೂಡ್ಲೇ ಮೂರು ಕಡೆ ಸ್ಮಶಾನ. ಇಲ್ಲಿ ಹೆಣಗಳನ್ನ ನೆಲದ ಮೇಲೇ ಕಲ್ಲು ಗೂಡು ಕಟ್ಟಿ ಇಡೋ ಪದ್ಧತಿ, ಸಾಲಾಗಿ ಬಿಳಿ ಬಿಳಿ ಪುಟ್ಟ ಮನೆಗಳು. ಅಲ್ಲಿಂದ ಸಿಟಿ ಪಾರ್ಕ್ ಅವೆನ್ಯೂ ಹಿಡ್ಕೊಂಡು ಕಾಂಟಿ ಸ್ಟ್ರೀಟ್ ಕಡೆ ನಡೆದ್ವಿ, ಹೋಮ್ ಇದ್ದಿದ್ದು ಆ ದಿಕ್ಕಲ್ಲಿ. ಆಗ ಇದು ಊರಾಚೆ. ಎದುರಿಗೆ ಹಸು ಸಾಕೋ ಡೈರಿ, ಬೇಲಿ ತುಂಬ ಹನಿಸಕಲ್ ಬಳ್ಳಿ, ಅದರ ಹೂವಿನ ವಾಸನೆ ಕೊನೇವರೆಗೂ ಮರೆಯಲಿಲ್ಲ ಅಂತ ಆರ್ಮ್‌ಸ್ಟ್ರಾಂಗ್ ಬರ್ಕೊಂಡಿದಾರೆ. ಈಗ ಪಕ್ಕದಲ್ಲೇ ಹೈವೇ ಗುಂಯ್ ಅಂತಿರುತ್ತೆ, ಹಳೇ ಕಟ್ಟಡ ಇಲ್ಲ.

ಫುಟ್‌ಪಾತ್ ಪಕ್ಕ ಒಂದು ಮರದ ನೆರಳಲ್ಲಿ ನಿಂತ್ಕೊಂಡು ನಾನು ಓದ್ಕೊಂಡು ಬಂದಿದ್ದನ್ನೆಲ್ಲ ಹೇಳ್ದೆ. ಹೋಮ್ ನಡೆಸ್ತಿದ್ದೋರು ಕ್ಯಾಪ್ಟನ್ ಜೋಸೆಫ್ ಜೋನ್ಸ್ ಅಂತ ಮಿಲಿಟರಿಯಲ್ಲಿದ್ದು ಬಂದ ಕರಿಯ ಮನುಷ್ಯ, ಜೊತೆಗೆ ಹೆಂಡತಿ ಮ್ಯಾನುವೆಲಾ. ದುಡ್ಡು ಕಮ್ಮಿ, ಊಟ ಅಷ್ಟಕ್ಕಷ್ಟೇ. ಬೆಳಗ್ಗೆ ಏಳೋಕೆ ಬ್ಯೂಗಲ್, ಊಟಕ್ಕೆ ಬ್ಯೂಗಲ್, ಮಲಗೋಕೆ ಬ್ಯೂಗಲ್, ಕೈಯಲ್ಲಿ ಮರದ ಬಂದೂಕು ಹಿಡ್ಕೊಂಡು ಡ್ರಿಲ್ಲು. ಈ ಮರದ ಬಂದೂಕಿನ ಸಾಲಿನ ಪಕ್ಕದಲ್ಲೇ ಬ್ಯಾಂಡ್ ಕಲಿಸ್ತಿದ್ದೋರು ಪೀಟರ್ ಡೇವಿಸ್.

ಈ ಡೇವಿಸ್‌ಗೆ ಮೊದಲ ದಿನದಿಂದ ಲೂಯಿಯನ್ನ ಕಂಡ್ರೆ ಆಗ್ತಿರ್ಲಿಲ್ಲ. ಹುಡುಗ ಬಂದಿದ್ದು ಸೂಳೆಗೇರಿ, ಜೂಜುಕಟ್ಟೆ ಪಕ್ಕದ ಕೇರಿಯಿಂದ, ಆ ಕೇರಿಯ ಹೆಸರು ಕೇಳಿದ್ರೇ ಮೇಷ್ಟ್ರಿಗೆ ಕೋಪ, ಕಾರಣ ಸಿಕ್ಕಾಗೆಲ್ಲ ಬಾರಿಸೋರು. ಇದನ್ನ ಆರ್ಮ್‌ಸ್ಟ್ರಾಂಗೇ ಆತ್ಮಕತೆಯಲ್ಲಿ ಬರೆದಿರೋದು. ಹುಡುಗ ದಿನಾ ಪ್ರಾಕ್ಟೀಸ್ ಹೊತ್ತಿಗೆ ದೂರ ನಿಂತು ನೋಡೋನು, ಕೇಳೋಕೆ ಹೆದರಿಕೆ. ಎಷ್ಟೋ ದಿನ ಆದ್ಮೇಲೆ ಒಂದು ರಾತ್ರಿ ಊಟದ ಹೊತ್ತಲ್ಲಿ ಡೇವಿಸ್ ಮೇಷ್ಟ್ರೇ ಹತ್ರ ಬಂದು ಬ್ಯಾಂಡಿಗೆ ಸೇರ್ತೀಯಾ ಅಂತ ಕೇಳಿದ್ರು. ಹುಡುಗ ಕೈ ತೊಳ್ಕೊಂಡು ಓಡಿದ, ಟ್ರಂಪೆಟ್ ಥರದ ಕಾರ್ನೆಟ್ ಕೊಡ್ತಾರೆ ಅಂತ ಆಸೆ. ಕೊಟ್ಟಿದ್ದು ಟ್ಯಾಂಬೊರೀನ್, ಕಂಜಿರ ಥರ ಕೈಯಲ್ಲಿ ಹಿಡಿದು ಬಾರಿಸೋದು.

ಅಪ್ಪ ಇಲ್ಲಿ "ಸರಿ" ಅಂದ್ರು, ಗಟ್ಟಿಯಾಗಿ.

"ಏನ್ ಸರಿ? ಅದು ಕಾರ್ನೆಟ್ ಕೇಳೋ ಹುಡುಗನ ಕೈಗೆ ಗೆಜ್ಜೆ ಕೊಟ್ಟಂಗಲ್ವಾ?"

"ನಿಂಗೊತ್ತಿಲ್ಲ ಸುಮ್ನಿರು. ಮುಂದೇನಾಯ್ತು ಹೇಳು."

ಮುಂದೆ, ಅವನು ಅದನ್ನ ಬಾರಿಸಿದ ರೀತಿ ಮೇಷ್ಟ್ರಿಗೆ ಹಿಡಿಸ್ತು, ಡ್ರಮ್ ಇವನಿಗೆ ಬಂತು. ಆಮೇಲೆ ಆಲ್ಟೊ ಹಾರ್ನ್. ಅದರಲ್ಲಿ ಮುಖ್ಯ ಟ್ಯೂನ್ ಬರಲ್ಲ, ಬೇರೆಯವರ ಟ್ಯೂನಿಗೆ ಕೆಳಗಿನ ಸ್ವರ ಕೂಡಿಸ್ತಾ ಇರ್ಬೇಕು. ಅದನ್ನ ಹುಡುಗ ಹಾಡಿನ ಎರಡನೇ ದನಿ ಥರ ಹಿಡ್ಕೊಂಡ, ಯಾಕಂದ್ರೆ ಬೀದಿಯಲ್ಲಿ ಗೆಳೆಯರ ಜೊತೆ ನಾಲ್ಕು ಜನ ದನಿ ಕೂಡಿಸಿ ಹಾಡಿ ಕಾಸು ಎತ್ತಿ ಅಭ್ಯಾಸ ಇತ್ತು. ಆಮೇಲೆ ಬ್ಯೂಗಲ್ ಊದ್ತಿದ್ದ ಹುಡುಗನ ಅಪ್ಪ ಅಮ್ಮ ಬಂದು ಅವನನ್ನ ಕರ್ಕೊಂಡು ಹೋದ್ರು, ಬ್ಯೂಗಲ್ ಲೂಯಿಗೆ. ಅದು ಕಿಲುಬು ಹಿಡಿದು ಹಸಿರಾಗಿತ್ತು, ಮೊದಲು ಮಾಡಿದ ಕೆಲಸ ಅದನ್ನ ಉಜ್ಜಿ ಉಜ್ಜಿ ಹೊಳೆಯೋ ಹಂಗೆ ಮಾಡಿದ್ದು. ಕೊನೆಗೆ ಕಾರ್ನೆಟ್. ಆಮೇಲೆ ಬ್ಯಾಂಡಿಗೇ ಲೀಡರ್.

ಅಪ್ಪ ಕರ್ಚೀಫ್ ತೆಗೆದು ಮುಖ ಒರೆಸ್ಕೊಂಡು ಹೇಳಿದ್ದನ್ನ ಇಲ್ಲಿ ಪೂರ್ತಿ ಹಾಕ್ಬೇಕು. "ನೋಡು, ಮೊದ್ಲು ಕೈಗೆ ತಾಳ ಕೊಡ್ಬೇಕು. ಹುಡುಗ ಕಾಲು ತಪ್ಪದೆ ನಡೀತಾನಾ, ನಡೀತಾ ಬಾರಿಸ್ತಾನಾ ಅಂತ ಗೊತ್ತಾಗುತ್ತೆ. ಬ್ಯೂಗಲ್ ಮೊದ್ಲೇ ಕೊಟ್ಟೆ ಅಂದ್ಕೋ, ತುಟಿ ನೋವು ಬರುತ್ತೆ, ಎರಡು ದಿನ ಊದಿ ಬಿಸಾಕಿ ಹೋಗ್ತಾನೆ. ಬ್ಯೂಗಲ್‌ಗೆ ಬಟನ್ ಇಲ್ಲ, ಬರೀ ತುಟೀಲೇ ಸ್ವರ ಬದಲಾಯಿಸ್ಬೇಕು. ಅದು ಬಂದೋನ ಕೈಗೆ ಮೂರು ಬಟನ್ ಇರೋ ಕಾರ್ನೆಟ್ ಕೊಟ್ರೆ ಅವನನ್ನ ಹಿಡಿಯೋರ್ ಯಾರು? ಈ ಡೇವಿಸ್ ಮೇಷ್ಟ್ರು ಲೆಕ್ಕ ಹಾಕೇ ಮಾಡಿರೋದು."

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬ್ಯೂಗಲ್ಲು ಸಿಕ್ಕಿದ್ದು ಇನ್ನೊಬ್ಬ ಹುಡುಗ ಬಿಟ್ಟು ಹೋಗಿದ್ದಕ್ಕೆ, ಇರೋ ವಾದ್ಯ ಹತ್ತಾರು, ಯಾವುದು ಖಾಲಿಯೋ ಅದನ್ನ ಕೊಟ್ರು ಅಷ್ಟೇ ಅನ್ಸುತ್ತೆ. ಹೊಡೆದಿದ್ದನ್ನಂತೂ ಪಾಠ ಅಂತ ಒಪ್ಪೋಕಾಗಲ್ಲ. ಅಪ್ಪ ಅದಕ್ಕೆ ಉತ್ತರ ಕೊಡ್ಲಿಲ್ಲ. ಅವರೂ ಹುಡುಗ್ರಿಗೆ ಬೆತ್ತ ಎತ್ತಿದೋರೇ, ಅದು ನನಗೂ ಗೊತ್ತು.

ಶನಿವಾರ

ಫ್ರೆಂಚ್ ಕ್ವಾರ್ಟರ್ ಅಂಚಲ್ಲಿ, ಎಸ್ಪ್ಲನೇಡ್ ರೋಡಲ್ಲಿ ಹಳೇ ಟಂಕಸಾಲೆ ಇದೆ, ಅಮೆರಿಕ ಸರ್ಕಾರ ನಾಣ್ಯ ಹೊಡೀತಿದ್ದ ಕೆಂಪು ಕಟ್ಟಡ. ಈಗ ಅದೇ ಜಾಝ್ ಮ್ಯೂಸಿಯಂ, ಹಬ್ಬ ನಡೆಯೋದೂ ಅದರ ಅಂಗಳದಲ್ಲೇ. ಹೊರಗೆ ಬಿಸಿಲಲ್ಲಿ ಬ್ಯಾಂಡ್ ಬಾರಿಸ್ತಿದೆ, ಜನ ಕೊಡೆ ಹಿಡ್ಕೊಂಡು ಕುಣೀತಿದಾರೆ, ನಾವು ಮೊದಲು ಏಸಿ ಇರೋ ಕಡೆ ಓಡಿದ್ವಿ.

ಕಾರ್ನೆಟ್ ಅಲ್ಲೇ ಇದೆ. ಹೋಮಲ್ಲಿ ಲೂಯಿ ಊದಿದ ಕಾರ್ನೆಟ್ ಅಂತ ಮ್ಯೂಸಿಯಂ ಇಟ್ಕೊಂಡಿರೋದು, ಇಷ್ಟು ವರ್ಷ ಅದನ್ನ ಕಾಪಾಡಿದ್ದು ಡೇವಿಸ್ ಮೇಷ್ಟ್ರು. ಟ್ರಂಪೆಟ್‌ಗಿಂತ ಗಿಡ್ಡ, ನಳಿಗೆ ಒತ್ತೊತ್ತಾಗಿ ಸುತ್ಕೊಂಡಿರುತ್ತೆ. ಮಗಳು ಗಾಜಿಗೆ ಮೂಗು ತಾಗಿಸ್ಕೊಂಡು ಬಾಯಿಟ್ಟು ಊದೋ ಭಾಗವನ್ನೇ ನೋಡ್ತಿದ್ಳು. ಅದರ ಅಂಚಲ್ಲಿ ಸಣ್ಣ ಸಣ್ಣ ಕಚ್ಚು ಇವೆ. ತುಟಿ ಜಾರದೆ ಹಿಡಿತ ಸಿಗ್ಲಿ ಅಂತ ಲೂಯಿನೇ ಅರದಲ್ಲಿ ಉಜ್ಜಿ ಮಾಡ್ಕೊಂಡಿದ್ದು, ಎಷ್ಟೋ ವರ್ಷ ಆದ್ಮೇಲೆ ಇದು ನಂದೇ ಅಂತ ಅವರು ಗುರುತು ಹಿಡಿದಿದ್ದೂ ಆ ಕಚ್ಚಿಂದಲೇ.

"ಅಮ್ಮಾ, ಇದನ್ನ ಮಾಡಿದ್ರೆ ತುಟಿ ಕೊಯ್ಯುತ್ತೆ," ಅಂದ್ಳು ಮಗಳು. "ನಮ್ಮ ಬ್ಯಾಂಡ್ ಡೈರೆಕ್ಟರ್ ನೋಡಿದ್ರೆ ಕೊಂದೇಬಿಡ್ತಾರೆ."

ಹೌದು, ಆರ್ಮ್‌ಸ್ಟ್ರಾಂಗ್ ತುಟಿ ಜೀವನಪೂರ್ತಿ ಗಾಯದ್ದೇ, ತಿಂಗಳುಗಟ್ಲೆ ಊದೋಕಾಗದೆ ನಿಲ್ಲಿಸಿದ್ದೂ ಇದೆ. ಡೇವಿಸ್ ಅವರು ಸ್ವರ ದುಂಡಗಿರ್ಬೇಕು ಅಂತ ಒತ್ತಿ ಒತ್ತಿ ಕಲಿಸಿದ್ರು, ಆದ್ರೆ ತುಟಿ ಇಡೋ ರೀತಿ ತಿದ್ದಲಿಲ್ಲ ಅನ್ನೋದು ಈ ಕಚ್ಚು ನೋಡಿದ್ರೆ ಗೊತ್ತಾಗುತ್ತೆ. ಅಪ್ಪ ಇದಕ್ಕೂ ಮೇಷ್ಟ್ರ ಪರ. ಅಷ್ಟು ಹುಡುಗ್ರ ಮಧ್ಯೆ ಒಬ್ಬೊಬ್ಬನ ತುಟಿ ನೋಡೋಕೆ ಟೈಮೆಲ್ಲಿ ಅಂತ.

ಆ ಹೋಮ್ ಬ್ಯಾಂಡಿನ ಫೋಟೋ ಒಂದಿದೆ, ಇಂಟರ್ನೆಟ್ಟಲ್ಲೂ ಸಿಗುತ್ತೆ. ಸಾಲು ಸಾಲು ಹುಡುಗ್ರು, ಒಬ್ರ ಮುಖದಲ್ಲೂ ನಗು ಇಲ್ಲ, ಎಲ್ರೂ ಲೂಯಿಯನ್ನ ಹುಡುಕ್ತಾರೆ, ಜೊತೆಗಿರೋ ಮೇಷ್ಟ್ರನ್ನ ಯಾರೂ ನೋಡಲ್ಲ. ಅದೇ ಬ್ಯಾಂಡಲ್ಲಿ ಕಲಿತ ಹೆನ್ರಿ ರೆನಾ ಅನ್ನೋ ಹುಡುಗ ಆಮೇಲೆ ಕಿಡ್ ರೆನಾ ಅಂತ ಊರಿಗೇ ಹೆಸರಾದ, 1919ರಲ್ಲಿ ಕಿಡ್ ಓರಿಯ ಬ್ಯಾಂಡ್‌ನಿಂದ ಆರ್ಮ್‌ಸ್ಟ್ರಾಂಗ್ ಬಿಟ್ಟು ಹೋದಾಗ ಆ ಜಾಗಕ್ಕೆ ಬಂದಿದ್ದು ಇವನೇ. ಅಂದ್ರೆ ಊರಿನ ದೊಡ್ಡ ಬ್ಯಾಂಡಲ್ಲಿ ಒಬ್ಬ ಹೋದ್ರೆ ಇನ್ನೊಬ್ಬ, ಇಬ್ರೂ ಅದೇ ಹುಡುಗ್ರ ಜೈಲಿನ ಸರಕು. ಒಬ್ಬ ಹುಟ್ಟಾ ಪ್ರತಿಭಾವಂತ ಅಕಸ್ಮಾತ್ ಅಲ್ಲಿ ಬಿದ್ದ ಅನ್ನೋ ಕಥೆ ಇಲ್ಲಿ ಸ್ವಲ್ಪ ಸಡಿಲ ಆಗುತ್ತೆ.

ನಾನು ಓದಿದ್ದರಲ್ಲಿ ಮರೆಯೋಕಾಗದ ಭಾಗ ಮೆರವಣಿಗೆದು. ಊರಲ್ಲಿ ಯಾವುದಾದ್ರೂ ಸಂಘದ ಮೆರವಣಿಗೆ ಇದ್ರೆ ಈ ಬ್ಯಾಂಡನ್ನೂ ಕರೆಯೋರು, ಇಪ್ಪತ್ತೈದು ಮೈಲಿವರೆಗೂ ನಡೆದು ಬಾರಿಸೋರಂತೆ. ಹಾಕ್ಕೊಳೋಕೆ ಉದ್ದ ಬಿಳಿ ಪ್ಯಾಂಟು ಮಡಚಿ ಚಡ್ಡಿ ಥರ ಮಾಡಿದ್ದು, ನೀಲಿ ಕೋಟು, ಕಪ್ಪು ಕಾಲುಚೀಲ. ಲೀಡರ್ ಲೂಯಿಗೆ ಮಾತ್ರ ಬೇರೆ, ಕೆನೆ ಬಣ್ಣದ ಪ್ಯಾಂಟು, ಕಂದು ಕಾಲುಚೀಲ, ಕೆನೆ ಬಣ್ಣದ ಟೋಪಿ. ಒಂದು ಸಲ ಮೆರವಣಿಗೆ ಅವನ ಹಳೇ ಕೇರಿ ಕಡೆ ಬಂತು. ಜೂಜುಕೋರರು, ಪಿಂಪ್‌ಗಳು, ಸೂಳೆಯರು ಎಲ್ಲಾ ಓಡಿ ಬಂದು ಮಲಗಿದ್ದ ಅವನ ಅಮ್ಮನನ್ನ ಎಬ್ಬಿಸಿದ್ರು, ಹುಡುಗನಿಗೆ ದುಡ್ಡು ಕೊಡ್ತೀವಿ ಅಂತ ಡೇವಿಸ್ ಮೇಷ್ಟ್ರನ್ನ ಕೇಳಿದ್ರು, ಅವರು ಆಗ್ಲಿ ಅಂದ್ರು. ಬಿದ್ದ ದುಡ್ಡು ಹಿಡಿಸೋಕೆ ಬೇರೆ ಹುಡುಗ್ರ ಟೋಪಿನೂ ಬೇಕಾಯ್ತು. ಆ ದುಡ್ಡಲ್ಲಿ ಇಡೀ ಬ್ಯಾಂಡಿಗೆ ಹೊಸ ಯೂನಿಫಾರ್ಮು, ಹೊಸ ವಾದ್ಯ ಬಂತಂತೆ.

ಯಾವ ಕೇರಿ ಹೆಸರು ಹೇಳಿ ಮೇಷ್ಟ್ರು ಹುಡುಗನಿಗೆ ಹೊಡೀತಿದ್ರೋ ಅದೇ ಕೇರಿ ಅವರ ಬ್ಯಾಂಡಿಗೆ ಬಟ್ಟೆ ಹೊಲಿಸ್ತು. ಅವತ್ತು ವಾಪಸ್ ನಡೀತಾ ಡೇವಿಸ್ ಏನ್ ಯೋಚ್ನೆ ಮಾಡಿರ್ಬಹುದು ಅಂತ ನನಗೆ ಕುತೂಹಲ, ಆದ್ರೆ ಬರೆದಿಟ್ಟಿದ್ದು ಶಿಷ್ಯ, ಮೇಷ್ಟ್ರಲ್ಲ.

ಇನ್ನೊಂದು ತಕರಾರೂ ಹೇಳ್ಬಿಡ್ತೀನಿ. ಮೊದಲ ಕಾರ್ನೆಟ್ ಹೋಮಲ್ಲೇ ಸಿಕ್ಕಿದ್ದು ಅಂತ ಆತ್ಮಕತೆಯಲ್ಲಿ ಬರೆದ ಆರ್ಮ್‌ಸ್ಟ್ರಾಂಗ್, 1969ರಲ್ಲಿ ಆಸ್ಪತ್ರೆಯಲ್ಲಿದ್ದಾಗ ಬರೆಯೋಕೆ ಶುರು ಮಾಡಿದ ಇನ್ನೊಂದು ಬರಹದಲ್ಲಿ, ಅದಕ್ಕೂ ಮುಂಚೆನೇ ಕಾರ್ನಾಫ್ಸ್ಕಿ ಕುಟುಂಬ ಮುಂಗಡ ಕೊಟ್ಟು ಐದು ಡಾಲರಿನ ಹಳೇ ಕಾರ್ನೆಟ್ ಕೊಂಡಿದ್ದೆ ಅಂತಾರೆ. ಎರಡೂ ಅವರದ್ದೇ ಮಾತು. ಯಾವ್ದು ನಿಜ ಅಂತ ಮಗಳು ಕೇಳಿದ್ಳು, ಎರಡೂ ಇರ್ಬಹುದು ಅಂದೆ. ಅಂಗಡಿಯಿಂದ ಕೊಂಡಿದ್ದು ಒಂದು, ದಿನಾ ನಿಲ್ಲಿಸಿ ಊದಿಸಿದ್ದು ಇನ್ನೊಂದು.

ಸಂಜೆ ಬೆನ್ಯೆ ಅನ್ನೋ ಕರಿದ ಸಿಹಿ ತಿನ್ನೋಕೆ ಕ್ಯೂ ನಿಂತ್ವಿ, ಸಕ್ಕರೆ ಪುಡಿ ಅಪ್ಪನ ಕರೀ ಪ್ಯಾಂಟ್ ತುಂಬ. ಆಮೇಲೆ ನಾರ್ತ್ ರ್‍ಯಾಂಪಾರ್ಟ್ ಮತ್ತೆ ಡುಮೇನ್ ಮೂಲೆಗೆ ಹೋದ್ವಿ, ಅಲ್ಲಿ ಈಗ ಬಟ್ಟೆ ಒಗೆಯೋ ಲಾಂಡ್ರೊಮ್ಯಾಟ್ ಇದೆ, ಗೋಡೆ ಮೇಲೆ ಫಲಕ. ಇದು ಹಿಂದೆ ಜೆ ಅಂಡ್ ಎಂ ಅನ್ನೋ ರೆಕಾರ್ಡಿಂಗ್ ಸ್ಟುಡಿಯೋ. 1949ರ ಡಿಸೆಂಬರ್‌ನಲ್ಲಿ ರಾಕ್ ಅಂಡ್ ರೋಲ್ ಹಾಡುಗಾರ ಫ್ಯಾಟ್ಸ್ ಡಾಮಿನೊನ ಮೊದಲ ರೆಕಾರ್ಡ್ ಆಗಿದ್ದು ಇಲ್ಲೇ, ಮಾಡಿಸಿದ್ದು ಡೇವ್ ಬಾರ್ಥಾಲೊಮ್ಯೂ. ಈ ಬಾರ್ಥಾಲೊಮ್ಯೂ ಅವರಿಗೆ ಟ್ರಂಪೆಟ್ ಕಲಿಸಿದ ಗುರು ಯಾರು ಅಂತೀರಾ, ಇದೇ ಪೀಟರ್ ಡೇವಿಸ್! ಜಾಝ್‌ನ ದೊಡ್ಡ ಕಾರ್ನೆಟ್ಟೂ ಇವರ ಕೈಯಿಂದ, ರಾಕ್ ಅಂಡ್ ರೋಲ್‌ಗೆ ದಾರಿ ಮಾಡಿದ ಟ್ರಂಪೆಟ್ಟೂ ಇವರ ಕೈಯಿಂದ. ಒಳಗೆ ಮೆಷಿನ್‌ಗಳು ಗಿರಗಿರ ತಿರುಗ್ತಿದ್ವು, ನಮ್ಮನೆಯವರು ನಮ್ಮ ಬೆವರು ಬಟ್ಟೇನೂ ಇಲ್ಲೇ ಹಾಕ್ಬಹುದಿತ್ತು ಅಂದ್ರು.

ಭಾನುವಾರ

ಟ್ರೆಮೆ ಬಡಾವಣೆಯ ಸೇಂಟ್ ಅಗಸ್ಟೀನ್ ಚರ್ಚಲ್ಲಿ ಹಬ್ಬದ ಭಾನುವಾರ ಜಾಝ್ ಪೂಜೆ, ಅದು ಮುಗಿದ್ಮೇಲೆ ಬ್ಯಾಂಡ್ ಹಿಂದೆ ಜನ ಕುಣ್ಕೊಂಡು ಮ್ಯೂಸಿಯಂವರೆಗೂ ಮೆರವಣಿಗೆ. ಚರ್ಚ್ ಕಟ್ಟಿದ್ದು 1840ರ ದಶಕದ ಶುರುವಲ್ಲಿ, ಸ್ವತಂತ್ರ ಕರಿಯರು ದುಡ್ಡು ಕೊಟ್ಟು ಗುಲಾಮರಿಗೂ ಕೂರೋಕೆ ಜಾಗ ಹಿಡಿದ ಚರ್ಚು. ಪಕ್ಕದಲ್ಲಿ ದಪ್ಪ ಸರಪಳಿಯಲ್ಲಿ ಮಾಡಿದ ದೊಡ್ಡ ಶಿಲುಬೆ, ಹೆಸರಿಲ್ಲದೆ ಸತ್ತ ಗುಲಾಮರ ನೆನಪಿಗೆ.

ಮೆರವಣಿಗೆಯಲ್ಲಿ ಮಗಳು ಮುಂದೆ ಹೋಗಿಬಿಟ್ಳು, ನಾವು ಅಪ್ಪನ ಮಂಡಿ ನೋವಿಗೆ ನಿಧಾನ. ಟ್ಯೂಬಾ ಹೊತ್ತಿದ್ದ ಹುಡುಗನಿಗೆ ಹದಿನೈದು ಇರ್ಬಹುದು, ಅವನ ಕುತ್ತಿಗೆಯ ಟವಲ್ ಹಿಂಡಿದ್ರೆ ಒಂದು ಚೊಂಬು ಬೆವರು ಬರ್ತಿತ್ತು, ಆದ್ರೂ ಕಾಲು ಒಂದು ಹೆಜ್ಜೆ ತಪ್ಪಲಿಲ್ಲ. ಅಪ್ಪ ಅವನ ಕಾಲನ್ನೇ ನೋಡ್ತಾ "ಲೆಫ್ಟ್ ಸರಿ ಬೀಳ್ತಿದೆ" ಅಂತ ಸರ್ಟಿಫಿಕೇಟ್ ಕೊಟ್ರು.

ಇಷ್ಟು ಚಿಕ್ಕ ಹುಡುಗ್ರು ಇವತ್ತೂ ಬೀದೀಲಿ ಊದ್ತಿರೋದು ತಾನಾಗೇ ನಡ್ಕೊಂಡು ಬಂದಿದ್ದಲ್ಲ. 1960ರ ದಶಕದ ಹೊತ್ತಿಗೆ ಬ್ರಾಸ್ ಬ್ಯಾಂಡ್ ಅಂದ್ರೆ ಮುದುಕರ ಕೆಲಸ ಅನ್ನೋ ಹಾಗಾಗಿತ್ತು. ಡ್ಯಾನಿ ಬಾರ್ಕರ್ ಅನ್ನೋ ಬ್ಯಾಂಜೊ ವಾದಕ ನ್ಯೂಯಾರ್ಕಲ್ಲಿ ಬಹಳ ವರ್ಷ ಇದ್ದು 1965ರಲ್ಲಿ ಊರಿಗೆ ವಾಪಸ್ ಬಂದ್ರು, 1970ರ ಆಸುಪಾಸಲ್ಲಿ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಆಂಡ್ರ್ಯೂ ಡಾರ್ಬಿ ಮಕ್ಕಳಿಗೊಂದು ಬ್ಯಾಂಡ್ ಮಾಡಿ ಅಂತ ಕೇಳ್ಕೊಂಡ್ರು. ಬಾರ್ಕರ್ ಹಿಡಿದ ಮೊದಲ ಹುಡುಗ ಲೆರಾಯ್ ಜೋನ್ಸ್, ಅವನ ಮನೆ ಗ್ಯಾರೇಜೇ ಪ್ರಾಕ್ಟೀಸ್ ಜಾಗ. ಅಲ್ಲಿಂದ ಎದ್ದು ಬಂದೋರ ಪಟ್ಟಿಯಲ್ಲಿ ವಿಂಟನ್ ಮಾರ್ಸಾಲಿಸ್, ಗ್ರೆಗ್ ಸ್ಟಾಫರ್ಡ್, ಮೈಕೆಲ್ ವೈಟ್, ಹೀಗೆ. ದೊಡ್ಡ ವಾದಕರ ಸಂಘ ಸುಮ್ನಿರುತ್ತಾ, ಸಂಘಕ್ಕೆ ಸೇರದ ಮಕ್ಕಳ ಕೈಲಿ ದುಡಿಸ್ತಿದಾರೆ ಅಂತ ದೂರು ಹಾಕಿದ್ರು, ಬಾರ್ಕರ್ ಕೈ ಬಿಡಬೇಕಾಯ್ತು. ಹುಡುಗ್ರು ಬಿಡ್ಲಿಲ್ಲ, ಹರಿಕೇನ್ ಬ್ರಾಸ್ ಬ್ಯಾಂಡ್ ಅಂತ ಮಾಡ್ಕೊಂಡ್ರು. 2005ರ ಕತ್ರಿನಾ ಚಂಡಮಾರುತದ ನಂತರ, 2007ರಲ್ಲಿ ಡೆರಿಕ್ ಟ್ಯಾಬ್ ಅನ್ನೋ ಡ್ರಮ್ಮರ್ ಮತ್ತೆ ಆಲಿಸನ್ ರೈನ್‌ಹಾರ್ಟ್ ಸೇರಿ ರೂಟ್ಸ್ ಆಫ್ ಮ್ಯೂಸಿಕ್ ಅಂತ ಶುರು ಮಾಡಿದ್ರು, ಸ್ಕೂಲ್ ಬಿಟ್ಟ ಮೇಲೆ ಮಕ್ಕಳಿಗೆ ಫ್ರೀಯಾಗಿ ವಾದ್ಯ, ಪಾಠ, ಊಟ. ಅಲ್ಲಿ ಪಿಸ್ತೂಲ್ ಹಾರಿಸಿ ಅರೆಸ್ಟ್ ಆದ್ಮೇಲೆ ಸೇರ್ಬೇಕು ಅನ್ನೋ ಷರತ್ತಿಲ್ಲ, ಅದೇ ನನಗೆ ಇಷ್ಟ ಆಗಿದ್ದು.

ಮಧ್ಯಾಹ್ನ ಮೇಲೆ ಜೆಂಟಿಲಿ ಕಡೆ ಫ್ರಾಂಕ್ಲಿನ್ ಅವೆನ್ಯೂಗೆ ಕಾರಲ್ಲಿ ಹೋದ್ವಿ. ಹಳೇ ಹೋಮ್ ಮುಂದೆ ಮಿಲ್ನ್ ಬಾಯ್ಸ್ ಹೋಮ್ ಆಗಿ 1930ರ ದಶಕದಲ್ಲಿ ಇಲ್ಲಿಗೆ ಬಂತು, ಕತ್ರಿನಾದಲ್ಲಿ ಈ ಕಡೆಯೆಲ್ಲ ನೀರು. ಭಾನುವಾರ, ಒಳಗೆ ಯಾರೂ ಇರ್ಲಿಲ್ಲ, ಗೇಟ್ ಹೊರಗಿಂದ ನೋಡಿದ್ವಿ.

1931ರಲ್ಲಿ, ಆಗ್ಲೇ ಶಿಕಾಗೊ, ನ್ಯೂಯಾರ್ಕ್ ಗೆದ್ದು ಬಂದಿದ್ದ ಆರ್ಮ್‌ಸ್ಟ್ರಾಂಗ್ ಊರಿಗೆ ಬಂದಾಗ ಹೋಮಿಗೆ ಹೋಗಿದ್ರು, ಕ್ಯಾಪ್ಟನ್ ಜೋನ್ಸ್ ಮತ್ತೆ ಡೇವಿಸ್ ಜೊತೆ ತೆಗೆಸ್ಕೊಂಡ ಫೋಟೋ ಇದೆ. ಆಮೇಲೆ 1956ರಲ್ಲಿ ಲೂಯಿಸಿಯಾನಾ ಸರ್ಕಾರ ಕರಿಯರು ಬಿಳಿಯರು ಒಂದೇ ವೇದಿಕೆ ಮೇಲೆ ಬಾರಿಸ್ಬಾರ್ದು ಅಂತ ಕಾನೂನು ತಂತು, ಅವರ ಬ್ಯಾಂಡಲ್ಲಿ ಎರಡೂ ಬಣ್ಣದೋರು ಇದ್ರು, ನನ್ನ ಬ್ಯಾಂಡನ್ನ ಒಡೆದು ಬರಲ್ಲ ಅಂತ ಹುಟ್ಟಿದೂರಲ್ಲಿ ಬಾರಿಸೋದನ್ನೇ ನಿಲ್ಲಿಸಿದ್ರು. ಮತ್ತೆ ಬಂದಿದ್ದು 1965ರ ಅಕ್ಟೋಬರ್ 31ಕ್ಕೆ. ಏರ್‌ಪೋರ್ಟಲ್ಲಿ ಕಾದು ನಿಂತೋರಲ್ಲಿ ಮುದುಕ ಡೇವಿಸ್ ಮೇಷ್ಟ್ರೂ ಒಬ್ರು. ಅದೇ ವರ್ಷ ಒಂದು ಟಿವಿ ಶೋನಲ್ಲೂ ಗುರು ಶಿಷ್ಯರನ್ನ ಎದುರುಬದುರು ನಿಲ್ಲಿಸಿದ್ರು. ನಾನು ಇದನ್ನ ಹೇಳ್ತಿದ್ದಾಗ ಅಪ್ಪ ಗೇಟಿನ ಕಂಬಿ ಹಿಡ್ಕೊಂಡು ನಿಂತಿದ್ರು.

"ನನ್ನ ಬ್ಯೂಗಲ್ ಹುಡುಗ ಒಬ್ಬ ಕೆ.ಎಸ್.ಆರ್.ಟಿ.ಸಿ. ಕಂಡಕ್ಟರು," ಅಂದ್ರು. "ಬಸ್ಸಲ್ಲಿ ಸಿಕ್ರೆ ಎದ್ದು ಸೀಟ್ ಕೊಡ್ತಾನೆ. ಟಿಕೆಟ್ ಮಾತ್ರ ಹರೀತಾನೆ, ಬಿಡಲ್ಲ."

ಸೋಮವಾರ

ವಾಪಸ್ ದಾರೀಲಿ ಐ-10 ಬಿಟ್ಟು ಮಿಸಿಸಿಪಿ ನದಿಯ ಪಶ್ಚಿಮ ದಡ ಹಿಡಿದ್ವಿ, ಎಡ್ಗರ್ಡ್ ಅನ್ನೋ ಊರು ನೋಡೋಕೆ, ಡೇವ್ ಬಾರ್ಥಾಲೊಮ್ಯೂ ಹುಟ್ಟಿದ್ದು ಅಲ್ಲಿ, 1918ರಲ್ಲಿ. ನೂರು ವರ್ಷ ಬದುಕಿ 2019ರಲ್ಲಿ ತೀರ್ಕೊಂಡ್ರು. ಒಂದು ಕಡೆ ಮಿಸಿಸಿಪಿ ತಡೆಯೋ ಮಣ್ಣಿನ ಏರಿ, ಇನ್ನೊಂದು ಕಡೆ ಕಬ್ಬು, ಆಳೆತ್ತರ. ಮಂಡ್ಯಕ್ಕೆ ಬಂದ್ವಾ ಅಂತ ನಮ್ಮನೆಯವರು. ಮುಂದೆ ವಾಲೆಸ್ ಹತ್ರ ವಿಟ್ನಿ ಅನ್ನೋ ಹಳೇ ತೋಟ ಸಿಗುತ್ತೆ, ಅದನ್ನ ಯಜಮಾನರ ಬಂಗ್ಲೆ ತೋರ್ಸೋಕಲ್ಲ, ಗುಲಾಮರ ಕಥೆ ಹೇಳೋಕೇ ಮ್ಯೂಸಿಯಂ ಮಾಡಿರೋದು. ನಮಗೆ ಟೈಮಿರ್ಲಿಲ್ಲ.

ಕಬ್ಬು ನೋಡಿದ ಮೇಲೆ ನಾನು ಅಪ್ಪನಿಗೆ ಇನ್ನೊಬ್ಬ ಮೇಷ್ಟ್ರ ಕಥೆ ಹೇಳ್ದೆ, ಡೇವಿಸ್‌ಗಿಂತ ಹಿಂದಿನೋರು. ಜೇಮ್ಸ್ ಬ್ರೌನ್ ಹಂಫ್ರಿ, 1859ರಲ್ಲಿ ಹುಟ್ಟಿದೋರು, ಪ್ರೊಫೆಸರ್ ಹಂಫ್ರಿ ಅಂತಾನೇ ಹೆಸರು. ಕೋಟು ಹಾಕ್ಕೊಂಡು, ಕೈಯಲ್ಲಿ ಕಾರ್ನೆಟ್ ಹಿಡ್ಕೊಂಡು ನ್ಯೂ ಆರ್ಲಿಯನ್ಸ್‌ನಿಂದ ರೈಲು ಹತ್ತಿ ನದಿ ಉದ್ದಕ್ಕೂ ಇದ್ದ ಕಬ್ಬಿನ ತೋಟಗಳಿಗೆ ಹೋಗಿ, ಹೊಲದಲ್ಲಿ ದುಡಿಯೋ ಜನಕ್ಕೆ, ಅವರ ಮಕ್ಕಳಿಗೆ ಬ್ಯಾಂಡ್ ಕಲಿಸೋರು, ನೋಟ್ ಬರೆದು ಓದಿಸಿ. ಪ್ಲಾಕ್‌ಮಿನ್ಸ್ ಕಡೆ ಮ್ಯಾಗ್ನೋಲಿಯಾ ತೋಟದಲ್ಲಿ ಎಕ್ಲಿಪ್ಸ್ ಅಂತ ಬ್ಯಾಂಡೇ ಕಟ್ಟಿದ್ರು. ಅವರ ಮೊಮ್ಮಕ್ಕಳು ವಿಲ್ಲಿ ಹಂಫ್ರಿ, ಪರ್ಸಿ ಹಂಫ್ರಿ ನ್ಯೂ ಆರ್ಲಿಯನ್ಸ್‌ನ ಪ್ರಿಸರ್ವೇಶನ್ ಹಾಲ್ ಅನ್ನೋ ಜಾಝ್ ಹಾಲ್‌ನಲ್ಲಿ ಮುದುಕರಾಗೋವರೆಗೂ ಬಾರಿಸಿದ್ರು.

ಅಪ್ಪ ಪೂರ್ತಿ ಈ ಕಡೆ ತಿರುಗಿ ಕೂತ್ರು. "ಪೇಮೆಂಟ್ ಯಾರ್ ಕೊಡ್ತಿದ್ರು? ವಾದ್ಯ ಯಾರದ್ದು? ಕೊಯ್ಲಿನ ಟೈಮಲ್ಲಿ ಹುಡುಗ್ರು ಬರ್ತಿದ್ರಾ?" ನನಗೆ ಉತ್ತರ ಗೊತ್ತಿರ್ಲಿಲ್ಲ. "ಆ ಮ್ಯಾಗ್ನೋಲಿಯಾ ಎಲ್ಲಿ, ಇಲ್ಲೇನಾ?"

"ಇಲ್ಲ ಮಾವ, ನ್ಯೂ ಆರ್ಲಿಯನ್ಸ್‌ನಿಂದ ಕೆಳಗೆ, ಸಮುದ್ರದ ಕಡೆ. ನಾವೀಗ ಉಲ್ಟಾ ದಿಕ್ಕಲ್ಲಿದೀವಿ, ನಾಳೆ ನಂಗೆ ಆಫೀಸ್," ಅಂತ ನಮ್ಮನೆಯವರು ಗ್ರಾಮರ್ಸಿ ಸೇತುವೆ ಹತ್ತಿಸಿಬಿಟ್ರು.

ಅಪ್ಪನ ವಾಪಸ್ ಟಿಕೆಟ್ ಅಕ್ಟೋಬರ್‌ಗೆ. ಅಷ್ಟರಲ್ಲಿ ಒಂದು ವೀಕೆಂಡ್ ನೋಡಿ ಅಂತ ಲಾಫಯೆಟ್ ಬರೋವರೆಗೂ ಅಳಿಯನಿಗೆ ಹೇಳ್ತಾನೇ ಇದ್ರು. ಹಿಂದಿನ ಸೀಟಲ್ಲಿ ಮಗಳಿಗೆ ಬೇರೆ ತನಿಖೆ, ಅವಳ ಬ್ಯಾಂಡಲ್ಲಿ ಹೊಸದಾಗಿ ಸೇರೋರಿಗೆ ಮೊದಲ ದಿನ ಏನ್ ಕೊಡ್ತಾರೆ ಅಂತ. ಬರೀ ಮೌತ್‌ಪೀಸ್ ಕೊಟ್ಟು ಎರಡು ವಾರ ಅದನ್ನೇ ಊದಿಸ್ತಾರೆ ತಾತ, ಟ್ರಂಪೆಟ್ ಮುಟ್ಟೋಕೂ ಬಿಡಲ್ಲ ಅಂದ್ಳು. ಅಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ್ರು. ನಾನು ಕಿಟಕಿ ಕಡೆ ನೋಡ್ದೆ.